ಒಡಲಿಗೆ ಒಗ್ಗದ ಅನ್ನ: ಆಹಾರದ ಅಲರ್ಜಿ ಹೆಚ್ಚುತ್ತಿರುವುದೇಕೆ?

ಆಯುರ್ವೇದವು ಆಹಾರ, ನಿದ್ರೆ ಮತ್ತು ಬ್ರಹ್ಮಚರ್ಯಗಳನ್ನು ಶರೀರದ ಮೂರು ಉಪಸ್ತಂಭಗಳೆಂದು ಕರೆದು, ಅವುಗಳಲ್ಲಿ ಆಹಾರಕ್ಕೆ ಮೊದಲ ಸ್ಥಾನವನ್ನು ಕೊಟ್ಟಿದೆ. ಶರಣ ಪರಂಪರೆಯು ಅದೇ ಆಹಾರವನ್ನು ಪ್ರಸಾದದ ಎತ್ತರಕ್ಕೆ ಏರಿಸಿತು. ಅಂತಹ ಅನ್ನವೇ ಇಂದು ಕೆಲವು ಮನೆಗಳಲ್ಲಿ ಭಯದ ವಸ್ತುವಾಗಿರುವುದು ವಿಷಾದದ ಸಂಗತಿ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಂದ ಚಿಕಿತ್ಸೆಗೆ ಬರುವ ತಾಯಂದಿರು ಇತ್ತೀಚಿನ ವರ್ಷಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳಿವು: ಮಗುವಿಗೆ ಶೇಂಗಾ ಕೊಡಬಹುದೇ? ಹಾಲು ಬಿಡಿಸಬೇಕೇ? ಗೋಧಿ ಮೈಗೆ ಆಗುವುದಿಲ್ಲವಂತೆ, ನಿಜವೇ? ಬದನೆಕಾಯಿ ನಂಜಲ್ಲವೇ? ಕೆಲವರ ಕೈಯಲ್ಲಿ ನಗರದ ಪ್ರಯೋಗಾಲಯದ ವರದಿಯೂ ಇರುತ್ತದೆ. ಅದರಲ್ಲಿ ಹತ್ತಾರು ಪದಾರ್ಥಗಳಿಗೆ ಕೆಂಪು ಗುರುತು ಹಾಕಿರುತ್ತಾರೆ. ಅದನ್ನು ನಂಬಿ ಹಾಲು, ಬೇಳೆ, ಶೇಂಗಾ ಎಲ್ಲವನ್ನೂ ಬಿಡಿಸಿದ ಮಗು ದಿನೇ ದಿನೇ ಸೊರಗುತ್ತಿರುತ್ತದೆ.

ಈ ಭಯದಲ್ಲಿ ಸ್ವಲ್ಪ ನಿಜವಿದೆ, ಬಹಳಷ್ಟು ಗೊಂದಲವಿದೆ. ಆಹಾರದ ಅಲರ್ಜಿ ಜಗತ್ತಿನ ಹಲವೆಡೆ ಹೆಚ್ಚಿರುವುದು ನಿಜ. ಅದರ ಕಾರಣಗಳನ್ನು ಅರಿತರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಮೂರು ಬೇರೆ ಬೇರೆ ತೊಂದರೆಗಳು

ಊಟವಾದ ಮೇಲೆ ಆಗುವ ತೊಂದರೆಗಳನ್ನೆಲ್ಲ ನಾವು 'ಅಲರ್ಜಿ' ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಆದರೆ ಇವು ಮೂರು ಬಗೆಯವು.

ಮೊದಲನೆಯದು ನಿಜವಾದ ಅಲರ್ಜಿ. ಶರೀರದ ರಕ್ಷಣಾ ವ್ಯವಸ್ಥೆಯು ನಿರಪಾಯಕಾರಿ ಆಹಾರದ ಪ್ರೋಟೀನನ್ನು ವೈರಿಯೆಂದು ತಪ್ಪಾಗಿ ತಿಳಿದು, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ಸಿದ್ಧಪಡಿಸುತ್ತದೆ. ಮತ್ತೆ ಅದೇ ಆಹಾರ ಹೊಟ್ಟೆಗೆ ಹೋದಾಗ ಹಿಸ್ಟಮಿನ್ ಮೊದಲಾದ ದ್ರವ್ಯಗಳು ಬಿಡುಗಡೆಯಾಗಿ, ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ಮೈಮೇಲೆ ದದ್ದು, ತುಟಿಯ ಬಾವು, ವಾಂತಿ, ಉಬ್ಬಸ ಕಾಣಿಸುತ್ತವೆ. ಇಲ್ಲಿ ಅಲ್ಪ ಪ್ರಮಾಣವೂ ಅಪಾಯ ತರಬಲ್ಲದು. ಜನರು ಪಿತ್ತದ ಗಂಧೆ ಎನ್ನುವ, ಮಾಧವನಿದಾನವು ಶೀತಪಿತ್ತವೆಂದು ವರ್ಣಿಸುವ ದದ್ದು ಇದರ ಒಂದು ಲಕ್ಷಣ. ಆದರೆ ಎಲ್ಲ ಗಂಧೆಗೂ ಆಹಾರವೇ ಕಾರಣವಲ್ಲ.

ಎರಡನೆಯದು ಅಜೀರ್ಣದ ಬಗೆಯದು. ಪದಾರ್ಥವನ್ನು ಅರಗಿಸುವ ಶಕ್ತಿ ಸಾಲದೆ ಹೊಟ್ಟೆಯುಬ್ಬರ, ಗ್ಯಾಸ್, ಭೇದಿ ಆಗುತ್ತವೆ. ಸ್ವಲ್ಪ ತಿಂದರೆ ತಡೆಯುತ್ತದೆ, ಹೆಚ್ಚಾದರೆ ತೊಂದರೆ. ಇದರಿಂದ ಜೀವಕ್ಕೆ ಅಪಾಯವಿಲ್ಲ.

ಮೂರನೆಯದು ಸೀಲಿಯಾಕ್ ರೋಗ. ಗೋಧಿ ಮತ್ತು ಜವೆಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶದಿಂದ ಕೆಲವರ ಸಣ್ಣಕರುಳಿನ ಒಳಪದರವು ತಿಂಗಳು, ವರ್ಷಗಳ ಕಾಲ ಮೆಲ್ಲಗೆ ಸವೆಯುತ್ತದೆ. ಮಗು ಬೆಳೆಯದಿರುವುದು, ರಕ್ತಹೀನತೆ, ಮರುಕಳಿಸುವ ಭೇದಿ ಇದರ ಲಕ್ಷಣಗಳು.

ನಮ್ಮ ನಾಡಿನ ಲೆಕ್ಕ ಏನು ಹೇಳುತ್ತದೆ?

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಒಂದು ವರ್ಷದ ಶಿಶುಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳಿಗೆ ಆಹಾರದ ಅಲರ್ಜಿ ಸಿದ್ಧಪಟ್ಟಿತು. ಬ್ರಿಟನ್ನಿನಲ್ಲಿ ಆಹಾರದಿಂದಾದ ತೀವ್ರ ಅಲರ್ಜಿಗಾಗಿ ಆಸ್ಪತ್ರೆ ಸೇರುವವರ ಪ್ರಮಾಣ 1998ರಿಂದ 2018ರ ಅವಧಿಯಲ್ಲಿ ಮೂರು ಪಟ್ಟಿಗೂ ಹೆಚ್ಚಾಯಿತು.

ನಮ್ಮ ರಾಜ್ಯದ ಬೆಂಗಳೂರು ಮತ್ತು ಮೈಸೂರಿನ ಕಡೆಗಳಲ್ಲಿ ಯುರೋಪಿನ ಸಹಯೋಗದಿಂದ ಇಂತಹ ಸಮೀಕ್ಷೆ ನಡೆದಿದೆ. 2016ರಲ್ಲಿ ಪ್ರಕಟವಾದ ವಯಸ್ಕರ ಸಮೀಕ್ಷೆಯಲ್ಲಿ ಶೇ. 26.5ರಷ್ಟು ಜನರ ರಕ್ತದಲ್ಲಿ ಒಂದಲ್ಲ ಒಂದು ಆಹಾರದ ವಿರುದ್ಧ ಐಜಿಇ ಕಂಡುಬಂದಿತು. ಆದರೆ ಲಕ್ಷಣಗಳೂ ಕೂಡಿಬಂದು ಅಲರ್ಜಿ ಇರಬಹುದೆಂದು ನಿರ್ಧಾರವಾದದ್ದು ಕೇವಲ ಶೇ. 1.2ರಷ್ಟು ಜನರಲ್ಲಿ. 2020ರಲ್ಲಿ ಪ್ರಕಟವಾದ ಶಾಲಾಮಕ್ಕಳ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 0.14 ಮಾತ್ರ. ವಯಸ್ಸು ಮತ್ತು ವಿಧಾನ ಬೇರೆಯಾದುದರಿಂದ ಮೆಲ್ಬರ್ನ್‌ನೊಡನೆ ನೇರವಾಗಿ ಹೋಲಿಸಲಾಗದು. ಆದರೂ ನಮ್ಮ ನಾಡಿನಲ್ಲಿ ನಿಜವಾದ ಆಹಾರದ ಅಲರ್ಜಿ ಇನ್ನೂ ಕಡಿಮೆ ಎಂಬುದು ಸ್ಪಷ್ಟ.

ಎಣ್ಣೆಗಾಯಿಯ ನಾಡಿನವರಾದ ನಮಗೆ ಇನ್ನೊಂದು ಅಧ್ಯಯನ ಸ್ವಾರಸ್ಯಕರವಾಗಿದೆ. ಮೈಸೂರಿನಲ್ಲಿ 741 ಜನರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಂತೆ, ಬದನೆಕಾಯಿ ತಮಗೆ ಆಗದೆಂದು ಹೇಳಿದವರು ಹಾಗೂ ಚರ್ಮದ ಪರೀಕ್ಷೆಯಲ್ಲಿ ಸ್ಪಂದನೆ ತೋರಿದವರು ಸೇರಿ ಶೇ. 9.2ರಷ್ಟಿದ್ದರು. ಐಜಿಇ ಮೂಲಕ ಆಗುವ ಅಲರ್ಜಿ ಇದ್ದವರು ಶೇ. 0.8ರಷ್ಟು ಮಾತ್ರ. ಬದನೆಯಲ್ಲಿ ಸ್ವಭಾವತಃ ಹಿಸ್ಟಮಿನ್ ಅಂಶವಿರುವುದರಿಂದ ಅಲರ್ಜಿಯಿಲ್ಲದವರಿಗೂ ಬಾಯಿ, ಮೈ ತುರಿಸಬಹುದು. ಹಿರಿಯರು 'ನಂಜು' ಎಂದದ್ದು ಬಹುಶಃ ಇದನ್ನೇ.

ಇದರಿಂದ ನಾವು ಕಲಿಯಬೇಕಾದದ್ದು: ರಕ್ತಪರೀಕ್ಷೆಯ ಕೆಂಪು ಗುರುತು ರೋಗವಲ್ಲ. ತಿಂದಾಗ ಮೈ ಏನು ಹೇಳುತ್ತದೆ ಎಂಬುದೇ ಮುಖ್ಯ ಸಾಕ್ಷಿ.

ಸಾತ್ಮ್ಯ: ಒಡಲಿಗೂ ಅನ್ನಕ್ಕೂ ಇರುವ ಪರಿಚಯ

ಹಾಗಾದರೆ ಅಲರ್ಜಿ ಹೆಚ್ಚುವುದು ಏಕೆ? ಇದನ್ನು ತಿಳಿಯಲು ಆಯುರ್ವೇದದ 'ಸಾತ್ಮ್ಯ' ಎಂಬ ಮಾತು ಸಹಾಯಕ. ಯಾವುದು ದೀರ್ಘಕಾಲದ ಬಳಕೆಯಿಂದ ಶರೀರಕ್ಕೆ ಒಗ್ಗಿ ಹಿತವಾಗುತ್ತದೆಯೋ ಅದು ಸಾತ್ಮ್ಯ. ಚರಕಸಂಹಿತೆಯ ವಿಮಾನಸ್ಥಾನವು ಆಹಾರವನ್ನು ಅಳೆಯಲು ಎಂಟು ಸಂಗತಿಗಳನ್ನು ಹೇಳುತ್ತದೆ: ಪದಾರ್ಥದ ಸ್ವಭಾವ, ಅದರ ಸಂಸ್ಕಾರ, ಬೇರೆ ಪದಾರ್ಥಗಳ ಸಂಯೋಗ, ಪ್ರಮಾಣ, ದೇಶ, ಕಾಲ, ಊಟದ ನಿಯಮ ಮತ್ತು ಉಣ್ಣುವವನು. ಪದಾರ್ಥದ ಸ್ವಭಾವವು ಎಂಟರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಬೇಕು.

ಪ್ರಾಚೀನರಿಗೆ ಐಜಿಇಯ ಅರಿವಿರಲಿಲ್ಲ. ಸಾತ್ಮ್ಯವೆಂಬುದೂ ಆಧುನಿಕರ ಸಹಿಷ್ಣುತೆಯೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಇಂದಿನ ಸಂಶೋಧನೆ ಮುಂದಿಡುತ್ತಿರುವ ಕಾರಣಗಳು ಕಾಲ, ದೇಶ, ಸಂಸ್ಕಾರ ಎಂಬ ಇದೇ ದಿಕ್ಕಿನಲ್ಲಿ ಬೆರಳು ತೋರುತ್ತವೆ. ಮಗುವಿಗೆ ಅನ್ನದ ಪರಿಚಯ ಯಾವಾಗ ಆಯಿತು, ಯಾವ ದಾರಿಯಿಂದ ಆಯಿತು, ಯಾವ ಪರಿಸರದಲ್ಲಿ ಆಯಿತು ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಮಣ್ಣು, ದನಕರು ಮತ್ತು ಸೂಕ್ಷ್ಮಜೀವಿಗಳು

1989ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಟ್ರಾಕನ್ ಎಂಬ ತಜ್ಞರು ಒಂದು ವಿಚಾರವನ್ನು ಮುಂದಿಟ್ಟರು. ಅಣ್ಣ ಅಕ್ಕಂದಿರು ಹೆಚ್ಚಿರುವ ಮನೆಯ ಮಕ್ಕಳಲ್ಲಿ ಅಲರ್ಜಿಯ ನೆಗಡಿ ಕಡಿಮೆ ಎಂಬುದನ್ನು ಅವರು ಕಂಡಿದ್ದರು. ಎಳವೆಯಲ್ಲಿ ಸೂಕ್ಷ್ಮಜೀವಿಗಳ ಸಂಪರ್ಕ ಬಂದರೆ ರಕ್ಷಣಾ ವ್ಯವಸ್ಥೆ ವೈರಿ ಯಾರು, ನೆಂಟ ಯಾರು ಎಂಬುದನ್ನು ಕಲಿಯುತ್ತದೆ ಎಂಬ ತರ್ಕ ಅಲ್ಲಿಂದ ಬೆಳೆಯಿತು. ಅಮೆರಿಕದಲ್ಲಿ ಅಮಿಷ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳಿವೆ. ಎರಡರ ವಂಶಮೂಲ, ಆಹಾರ ಹೆಚ್ಚುಕಡಿಮೆ ಒಂದೇ. ಅಮಿಷ್ ಮನೆಗಳ ಮಗ್ಗುಲಲ್ಲೇ ಕೊಟ್ಟಿಗೆಯಿದೆ, ದುಡಿಮೆ ಕುದುರೆಯಿಂದ. ಹಟರೈಟರದು ಯಂತ್ರಗಳ ದೊಡ್ಡ ಬೇಸಾಯ, ಮಕ್ಕಳು ದನಗಳಿಂದ ದೂರ. 2016ರ ವರದಿಯ ಪ್ರಕಾರ ಮೊದಲ ಸಮುದಾಯದ ಮಕ್ಕಳಲ್ಲಿ ಆಸ್ತಮಾ ಶೇ. 5ರಷ್ಟು, ಎರಡನೆಯದರಲ್ಲಿ ಶೇ. 21ರಷ್ಟು. ಇದು ಆಸ್ತಮಾದ ಲೆಕ್ಕವಾದರೂ ಅಲರ್ಜಿಯ ಬೇರು ಒಂದೇ ಆದುದರಿಂದ ವಿಚಾರಯೋಗ್ಯ.

ನಮ್ಮ ಹಳ್ಳಿಗಳಲ್ಲಿಯೂ ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಕೊಟ್ಟಿಗೆಗಳು ಬರಿದಾಗಿವೆ. ದುಡಿಮೆಗಾಗಿ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋದ ಕುಟುಂಬಗಳ ಮಕ್ಕಳು ಮಣ್ಣು ಮುಟ್ಟದೆ ಬೆಳೆಯುತ್ತಿದ್ದಾರೆ. ಪರದೇಶಕ್ಕೆ ಹೋದವರ ವಿಷಯದಲ್ಲಿ ಆಸ್ಟ್ರೇಲಿಯಾದ ಅನುಭವ ಗಮನಾರ್ಹ. ಏಷ್ಯಾದಲ್ಲಿ ಹುಟ್ಟಿ ಅಲ್ಲಿಗೆ ವಲಸೆ ಹೋದ ಮಕ್ಕಳಿಗಿಂತ, ಏಷ್ಯಾ ಮೂಲದ ತಾಯಂದಿರಿಗೆ ಅಲ್ಲಿಯೇ ಹುಟ್ಟಿದ ಮಕ್ಕಳಲ್ಲಿ ಬಾದಾಮಿ, ಗೋಡಂಬಿಯಂತಹ ಬೀಜಗಳ ಅಲರ್ಜಿ ಹೆಚ್ಚು. ರಕ್ತ ಒಂದೇ, ನೆಲ ಬೇರೆ.

ಸಣ್ಣ ನೆಗಡಿ, ಜ್ವರಕ್ಕೂ ಔಷಧದ ಅಂಗಡಿಯಿಂದ ಆಂಟಿಬಯಾಟಿಕ್ ತಂದು ಕೊಡುವ ರೂಢಿಯು ಕರುಳಿನ ಹಿತಕಾರಿ ಜೀವಿಗಳನ್ನೂ ಕೊಲ್ಲುತ್ತದೆ. ಎಳವೆಯಲ್ಲಿ ಇವುಗಳ ಅತಿಬಳಕೆಗೂ ಅಲರ್ಜಿಗೂ ನಂಟಿರುವುದನ್ನು ಹಲವು ಅಧ್ಯಯನಗಳು ತೋರಿವೆ. ಹಾಗೆಂದು ಹೊಲಸಿನಲ್ಲಿ ಬದುಕಬೇಕೆಂದು ಅರ್ಥವಲ್ಲ. ಶೌಚಾಲಯ, ಶುದ್ಧ ನೀರು, ಕೈತೊಳೆಯುವ ರೂಢಿ ಮಕ್ಕಳ ಜೀವ ಉಳಿಸಿವೆ. ಅವು ಬೇಕೇ ಬೇಕು. ಹೊಲ, ದನಕರು, ಅಂಗಳದ ಆಟ ಮಕ್ಕಳಿಂದ ದೂರವಾಗದಿರಲಿ ಎಂಬುದಷ್ಟೇ ಆಶಯ.

ಶೇಂಗಾ ಕಲಿಸಿದ ಪಾಠ

ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯು 2000ರಲ್ಲಿ, ಅಲರ್ಜಿಯ ಸಂಭವ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಕೊಡಬೇಡಿ ಎಂದು ಸಲಹೆ ನೀಡಿತ್ತು. ಅಲರ್ಜಿ ಕಡಿಮೆಯಾಗಲಿಲ್ಲ. ಆ ಸಲಹೆಯನ್ನು 2008ರಲ್ಲಿ ಕೈಬಿಡಲಾಯಿತು. ಅದೇ ವರ್ಷ ಇನ್ನೊಂದು ಸಂಗತಿ ಬೆಳಕಿಗೆ ಬಂದಿತು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಶೇ. 1.85ರಷ್ಟಿದ್ದ ಶೇಂಗಾ ಅಲರ್ಜಿ ಇಸ್ರೇಲಿನ ಮಕ್ಕಳಲ್ಲಿ ಶೇ. 0.17ರಷ್ಟು ಮಾತ್ರ ಇತ್ತು. ಇಸ್ರೇಲಿನ ತಾಯಂದಿರು ಶಿಶುಗಳಿಗೆ ಎಳವೆಯಲ್ಲಿಯೇ ಶೇಂಗಾದ ತಿನಿಸು ಕೊಡುತ್ತಿದ್ದರು, ಬ್ರಿಟನ್ನಿನವರು ಕೊಡುತ್ತಿರಲಿಲ್ಲ.

ಇದನ್ನು ಪರೀಕ್ಷಿಸಲು ಲಂಡನ್ನಿನಲ್ಲಿ ಅಲರ್ಜಿಯ ಸಂಭವ ಹೆಚ್ಚಿದ್ದ 640 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶೇಂಗಾ ಕೊಡುತ್ತ, ಇನ್ನೊಂದಕ್ಕೆ ಕೊಡದೆ ಐದು ವರ್ಷದ ವಯಸ್ಸಿನವರೆಗೆ ನೋಡಿಕೊಳ್ಳಲಾಯಿತು. 2015ರಲ್ಲಿ ಫಲಿತಾಂಶ ಹೊರಬಂದಿತು. ಶೇಂಗಾ ತಿನ್ನದ ಗುಂಪಿನಲ್ಲಿ ಶೇ. 17.2ರಷ್ಟು ಮಕ್ಕಳಿಗೆ ಅಲರ್ಜಿ ಬಂದರೆ, ತಿಂದ ಗುಂಪಿನಲ್ಲಿ ಶೇ. 3.2ರಷ್ಟು ಮಕ್ಕಳಿಗೆ ಮಾತ್ರ ಬಂದಿತು. ಭಯದಿಂದ ದೂರವಿಟ್ಟದ್ದೇ ಭಯವನ್ನು ನಿಜ ಮಾಡಿತ್ತು.

ನಮ್ಮ ಭಾಗದಲ್ಲಿ ಶೇಂಗಾ ಹಿಂಡಿಯಿಲ್ಲದ ಮನೆಯಿಲ್ಲ. ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ, ಕಿವುಚಿ, ಮಗುವಿನ ಬಾಯಿಗಿಡುತ್ತಿದ್ದ ಅಜ್ಜಿಯಂದಿರು ಮನೆಯ ಎಲ್ಲ ರುಚಿಗಳನ್ನೂ ಅದಕ್ಕೆ ಪರಿಚಯಿಸುತ್ತಿದ್ದರು. ಸುಶ್ರುತರು ಆರನೆಯ ತಿಂಗಳಲ್ಲಿ ಹಗುರವೂ ಹಿತವೂ ಆದ ಅನ್ನವನ್ನು ಮಗುವಿಗೆ ಆರಂಭಿಸಲು ಹೇಳಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೆ ಎದೆಹಾಲಿನೊಡನೆ ಇತರ ಆಹಾರ ಎಂದೇ ಇದೆ. ಪ್ಯಾಕೆಟ್ಟಿನ ಒಂದೇ ರುಚಿಯ ಪುಡಿಯಲ್ಲಿ ವರ್ಷವಿಡೀ ಮಗುವನ್ನು ಬೆಳೆಸುವುದರಿಂದ ಈ ಪರಿಚಯದ ಕಾಲ ಕಳೆದುಹೋಗುತ್ತದೆ.

ಆರು ತಿಂಗಳಾದ ಮೇಲೆ ಹುರಿದ ಶೇಂಗಾವನ್ನು ನುಣ್ಣಗೆ ಅರೆದು, ಖಾರವಿಲ್ಲದೆ, ಗಂಜಿಯಲ್ಲಿ ತೆಳ್ಳಗೆ ಕಲಸಿ ಚಮಚದ ತುದಿಯಿಂದ ಆರಂಭಿಸಬಹುದು. ಇಡೀ ಕಾಳನ್ನು ಚಿಕ್ಕ ಮಕ್ಕಳಿಗೆ ಕೊಡಲೇಬಾರದು, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಮಗುವಿಗೆ ತೀವ್ರ ಇಸಬು ಇದ್ದರೆ, ಅಥವಾ ಬೇರೆ ಆಹಾರದಿಂದ ಈಗಾಗಲೇ ಅಲರ್ಜಿಯಾಗಿದ್ದರೆ, ಮೊದಲು ಮಕ್ಕಳ ವೈದ್ಯರನ್ನು ಕಂಡೇ ಆರಂಭಿಸಬೇಕು.

ಚರ್ಮದ ದಾರಿ

ಬಾಯಿಯ ದಾರಿಯಿಂದ ಬಂದ ಆಹಾರವನ್ನು ಶರೀರ ಅನ್ನವೆಂದು ಸ್ವೀಕರಿಸುತ್ತದೆ. ಒಡೆದ ಚರ್ಮದ ದಾರಿಯಿಂದ ಬಂದರೆ ವೈರಿಯೆಂದು ತಿಳಿಯುವ ಸಂಭವ ಹೆಚ್ಚು. 2003ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು, ಶೇಂಗಾ ಎಣ್ಣೆ ಬೆರೆಸಿದ ಮುಲಾಮುಗಳನ್ನು ಹಚ್ಚಿದ ಶಿಶುಗಳಿಗೂ ಶೇಂಗಾ ಅಲರ್ಜಿಗೂ ಸಂಬಂಧ ತೋರಿತು.

ಶಿಶುವಿಗೆ ಎಣ್ಣೆ ತಿಕ್ಕಿ ಎರೆಯುವುದು ನಮ್ಮ ಒಳ್ಳೆಯ ಸಂಪ್ರದಾಯ. ಅಭ್ಯಂಗವನ್ನು ಬಿಡಬೇಕಾಗಿಲ್ಲ. ಆದರೆ ಮಗುವಿನ ಚರ್ಮ ಕೆಂಪಾಗಿ, ಬಿರಿದು, ಸೋರುತ್ತಿದ್ದರೆ ಅದರ ಮೇಲೆ ಶೇಂಗಾ ಎಣ್ಣೆಯನ್ನಾಗಲಿ, ಕಡಲೆಹಿಟ್ಟನ್ನಾಗಲಿ ತಿಕ್ಕಬಾರದು. ಕಡಲೆಯು ನಮ್ಮ ದೇಶದಲ್ಲಿ ಗಮನಾರ್ಹ ಅಲರ್ಜಿಕಾರಕ ಎಂಬುದನ್ನು ಮುಂಬೈಯ ವೈದ್ಯರು 2001ರಲ್ಲಿಯೇ ವರದಿ ಮಾಡಿದ್ದಾರೆ. ಇಸಬಿಗೆ ಮೊದಲು ಚಿಕಿತ್ಸೆಯಾಗಲಿ.

ರೊಟ್ಟಿಯಿಂದ ಬ್ರೆಡ್ಡಿಗೆ

ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಜನಿಸಿ ಕಲಬುರಗಿಯಲ್ಲಿ ನೆಲೆಸಿದ ಮಹಾದಾಸೋಹಿ ಶರಣಬಸವೇಶ್ವರರ ನಾಡಿದು. ಇಲ್ಲಿಯ ಊಟವೆಂದರೆ ಬಿಳಿಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಅಗಸಿ, ಗುರೆಳ್ಳು, ಶೇಂಗಾದ ಹಿಂಡಿಗಳು, ಮಜ್ಜಿಗೆ, ಹುಳಿ ಬಂದ ಅಂಬಲಿ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕುಳಿತು ಉಣ್ಣುವ ಬುತ್ತಿಯನ್ನು ನೆನೆದರೆ ಸಾಕು, ಹಿಂದಿನವರ ತಾಟಿನಲ್ಲಿ ಎಷ್ಟು ಬಗೆಯ ಕಾಳು, ಸೊಪ್ಪು, ಧಾನ್ಯಗಳಿದ್ದವೆಂಬುದು ತಿಳಿಯುತ್ತದೆ. ನಾರು ಮತ್ತು ಹುದುಗು ಇವೆರಡೂ ಕರುಳಿನ ಹಿತಕಾರಿ ಜೀವಿಗಳಿಗೆ ಆಹಾರ.

ಇಂದು ಜೋಳದ ಹೊಲಗಳು ಕುಗ್ಗಿವೆ. ಮುಂಜಾನೆ ಚಹದೊಡನೆ ಖಾರಿ, ಟೋಸ್ಟ್, ಬಿಸ್ಕತ್ತು. ಮಧ್ಯಾಹ್ನ ಪಡಿತರದ ಅಕ್ಕಿ. ಸಂಜೆ ಮೈದಾದ ತಿನಿಸು. ಅಕ್ಕಿ ದೋಷಿಯಲ್ಲ. ತಾಟಿನ ವೈವಿಧ್ಯ ಕುಗ್ಗಿದ್ದು ದೋಷ. ಅತಿಯಾಗಿ ಸಂಸ್ಕರಿಸಿದ ತಿನಿಸುಗಳು ಕರುಳಿನ ಒಳಪದರವನ್ನು ಕೆಡಿಸಿ ಅಲರ್ಜಿಗೆ ಎಡೆಮಾಡುತ್ತವೆಯೇ ಎಂಬುದು ಇನ್ನೂ ಪೂರ್ಣ ಸಿದ್ಧಪಟ್ಟಿಲ್ಲ. ಆದರೆ ಅವು ಅಗ್ನಿಮಾಂದ್ಯ, ಆಮ, ಮಲಬದ್ಧತೆಗಳಿಗೆ ಕಾರಣವೆಂಬುದರಲ್ಲಿ ನನಗೆ ಸಂಶಯವಿಲ್ಲ.

ಹಾಲು ಮತ್ತು ಗೋಧಿಯ ವಿಚಾರ

ದಕ್ಷಿಣ ಭಾರತದ ಬಹುಪಾಲು ವಯಸ್ಕರಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವವು ಬಾಲ್ಯ ಕಳೆದಂತೆ ಕಡಿಮೆಯಾಗುತ್ತದೆ. ಲೋಟ ತುಂಬ ಹಾಲು ಕುಡಿದರೆ ಹೊಟ್ಟೆ ಗುಡುಗುವುದು ಇದರಿಂದ. ಇದು ಅಲರ್ಜಿಯಲ್ಲ. ಹೆಪ್ಪು ಹಾಕಿದಾಗ ಆ ಸಕ್ಕರೆಯ ಒಂದು ಭಾಗ ಕರಗುವುದರಿಂದ ಮೊಸರು, ಮಜ್ಜಿಗೆ ಇಂತಹವರಿಗೂ ಸಾಮಾನ್ಯವಾಗಿ ಒಗ್ಗುತ್ತವೆ. ಆದರೆ ಹಾಲಿನ ನಿಜವಾದ ಅಲರ್ಜಿ ಇರುವ ಶಿಶುವಿಗೆ ಮೊಸರು, ಮಜ್ಜಿಗೆಯೂ ವರ್ಜ್ಯ. ಈ ಭೇದವನ್ನು ವೈದ್ಯರಿಂದ ತಿಳಿಯಬೇಕು.

ಗೋಧಿಯ ಸೀಲಿಯಾಕ್ ರೋಗವು 2016ರಲ್ಲಿ ಪ್ರಕಟವಾದ ಅಧ್ಯಯನದಂತೆ ಉತ್ತರ ಭಾರತದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10ರಷ್ಟು. ವಂಶಗುಣದೊಡನೆ ಗೋಧಿ ಎಷ್ಟು ತಿನ್ನುತ್ತೇವೆ ಎಂಬುದೂ ಮುಖ್ಯ. ಸಂಶಯವಿದ್ದರೆ ಗೋಧಿಯನ್ನು ಬಿಡುವ ಮೊದಲೇ ಪರೀಕ್ಷೆ ಮಾಡಿಸಬೇಕು, ಬಿಟ್ಟ ಮೇಲೆ ಪರೀಕ್ಷೆ ನಿಖರವಾಗದು. ರೋಗ ಖಚಿತವಾದವರಿಗೆ ನಮ್ಮ ಜೋಳ, ಸಜ್ಜೆ, ಅಕ್ಕಿ ಗ್ಲುಟೆನ್ ರಹಿತವಾದ ವರಗಳು. ಗಿರಣಿಯಲ್ಲಿ ಗೋಧಿ ಹಿಟ್ಟು ಬೆರೆಯದಂತೆ ನೋಡಿಕೊಳ್ಳಬೇಕಷ್ಟೆ.

ಏನು ಮಾಡಬೇಕು?

ಸಂಶಯ ಬಂದ ಕೂಡಲೇ ಹತ್ತು ಪದಾರ್ಥಗಳನ್ನು ಬಿಡಬೇಡಿರಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ. 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಇಂತಹಲ್ಲಿ ಕಾರಣವಿಲ್ಲದೆ ಹಾಲು, ಬೇಳೆ ಬಿಡಿಸುವುದು ಮಗುವಿನ ಬೆಳವಣಿಗೆಗೆ ಕೊಡಲಿ ಇಟ್ಟಂತೆ. ಏನು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು ಎಂಬುದನ್ನು ಎರಡು ವಾರ ಒಂದು ನೋಟುಪುಸ್ತಕದಲ್ಲಿ ಬರೆದು ವೈದ್ಯರಿಗೆ ತೋರಿಸಿರಿ.

ಪ್ಯಾಕೆಟ್ ತಿನಿಸುಗಳ ಮೇಲಿನ ಬರಹವನ್ನು ಓದಿರಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಗ್ಲುಟೆನ್ ಇರುವ ಧಾನ್ಯ, ಹಾಲು, ಶೇಂಗಾ, ಸೋಯಾ ಮೊದಲಾದವು ಇದ್ದರೆ ಅದನ್ನು ನಮೂದಿಸಬೇಕು.

ಜೋಳಕ್ಕೆ ಮರಳಬಯಸುವವರು ಚರಕರು ಹೇಳಿದ ಪಾದಾಂಶಿಕ ಕ್ರಮವನ್ನು ಅನುಸರಿಸಿರಿ. ಅಭ್ಯಾಸವಾದ ಅಹಿತವನ್ನು ಕಾಲು ಕಾಲು ಭಾಗವಾಗಿ ಬಿಡುತ್ತ, ಹಿತವನ್ನು ಅಷ್ಟಷ್ಟೇ ಸೇರಿಸುತ್ತ ಹೋಗುವುದೇ ಆ ಕ್ರಮ.

ತಿಂದ ಕೂಡಲೇ ತುಟಿ, ನಾಲಗೆ ಊದಿಕೊಂಡು, ಧ್ವನಿ ಕಟ್ಟಿ, ಉಸಿರು ಎಳೆಯತೊಡಗಿದರೆ ಅಥವಾ ತಲೆಸುತ್ತಿ ಬಿದ್ದರೆ ಅದು ಪ್ರಾಣಾಪಾಯ. ಆಗ ಕಷಾಯ, ಚೂರ್ಣ, ಮನೆಮದ್ದುಗಳಿಗೆ ಕಾಯಕೂಡದು. ಆಯುರ್ವೇದ ವೈದ್ಯನಾಗಿಯೇ ನಾನು ಈ ಮಾತನ್ನು ಹೇಳುತ್ತಿದ್ದೇನೆ. ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಅದಕ್ಕೆ ಔಷಧ. ಕೂಡಲೇ 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಸಾಗಿಸಿರಿ. ಉಸಿರಾಟಕ್ಕೆ ಕಷ್ಟವಿಲ್ಲದಿದ್ದರೆ ರೋಗಿಯನ್ನು ಮಲಗಿಸಿ ಕಾಲನ್ನು ಎತ್ತರದಲ್ಲಿಡಿರಿ, ಎಬ್ಬಿಸಿ ನಡೆಸಬೇಡಿರಿ.

ಪ್ರಸಾದ ಮತ್ತು ಪಥ್ಯ

ಕೊನೆಯದಾಗಿ ಸದ್ಭಕ್ತರಲ್ಲಿ ಒಂದು ವಿನಂತಿ. ಜಾತ್ರೆ, ದಾಸೋಹದಲ್ಲಿ ಅಲರ್ಜಿಯುಳ್ಳ ಮಗುವಿನ ತಾಯಿ ಹಿಂಜರಿದಾಗ, 'ಪ್ರಸಾದವಮ್ಮ, ಏನೂ ಆಗುವುದಿಲ್ಲ, ಒಂದು ತುತ್ತು ತಿನ್ನಿಸು' ಎಂದು ಹಿರಿಯರು ಒತ್ತಾಯಿಸುವುದುಂಟು. ಅವರ ಭಕ್ತಿ ದೊಡ್ಡದು. ಆದರೆ ಪ್ರಸಾದದ ಪಾವಿತ್ರ್ಯವು ಶೇಂಗಾದ ಪ್ರೋಟೀನನ್ನು ಬದಲಿಸದು. ಕಾಯವನ್ನು ದೇಗುಲವೆಂದು ಭಾವಿಸಿದ ಪರಂಪರೆಯಲ್ಲಿ ಆ ಕಾಯವನ್ನು ಕಾಪಾಡುವುದೂ ಪೂಜೆಯೇ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಒಗ್ಗುವ ಪದಾರ್ಥವನ್ನು ಮಾತ್ರ ಸ್ವೀಕರಿಸಿದರೆ ಅಪಚಾರವೇನೂ ಆಗುವುದಿಲ್ಲ.

ನಮ್ಮ ಅಡುಗೆಯಲ್ಲಿ ಶೇಂಗಾ ಪುಡಿ ಪಲ್ಯ, ಎಣ್ಣೆಗಾಯಿ, ಚಟ್ನಿಗಳಲ್ಲಿ ಕಣ್ಣಿಗೆ ಕಾಣದಂತೆ ಬೆರೆತಿರುತ್ತದೆ. ಹುಗ್ಗಿಯಲ್ಲಿ ಗೋಧಿಯ ಜೊತೆ ಗೋಡಂಬಿ ಇರುತ್ತದೆ. ಆದುದರಿಂದ ದಾಸೋಹದ ಅಡುಗೆಮನೆಯ ಸೇವಾಕರ್ತರು ಅಂದಿನ ಪದಾರ್ಥಗಳಲ್ಲಿ ಶೇಂಗಾ, ಹಾಲು, ಗೋಧಿ, ಕಡಲೆ, ಗೋಡಂಬಿ ಯಾವುದರಲ್ಲಿವೆ ಎಂಬುದನ್ನು ಒಂದು ಹಲಗೆಯ ಮೇಲೆ ಬರೆದಿಟ್ಟರೆ ಅದು ದೊಡ್ಡ ಸೇವೆಯಾದೀತು. ಶಾಲೆಯ ಬಿಸಿಯೂಟದ ಅಡುಗೆಯವರಿಗೂ, ಗುರುಗಳಿಗೂ ತಾಯಿತಂದೆಯರು ಮಗುವಿನ ಅಲರ್ಜಿಯ ವಿಷಯವನ್ನು ಬಾಯಿಬಿಟ್ಟು ಹೇಳಬೇಕು.

ಅನ್ನಕ್ಕೆ ಅಂಜುವ ಕಾರಣ ಬಹಳ ಕಡಿಮೆ ಜನರಿಗಿದೆ. ಅವರು ಎಚ್ಚರದಿಂದಿರಲಿ, ಉಳಿದವರು ಅವರಿಗೆ ನೆರವಾಗಲಿ. ಮಿಕ್ಕ ಮಕ್ಕಳು ಜೋಳ, ಬೇಳೆ, ಶೇಂಗಾ, ಮಜ್ಜಿಗೆಗಳನ್ನು ಎಳವೆಯಿಂದಲೇ ಉಂಡು, ಅಂಗಳದ ಮಣ್ಣಿನಲ್ಲಿ ಆಡಿ, ಗಟ್ಟಿಯಾಗಿ ಬೆಳೆಯಲಿ.